ಲಕಡಾಂಗ್ ಅರಿಶಿನ: ಹಾಲಿಗೆ ಸೈ, ಕುಕ್ಕರಿಗೆ ದಂಡ

ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಬೆಳೆಯುವ ಲಕಡಾಂಗ್ ಅರಿಶಿನಕ್ಕೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಮಾಮೂಲಿ ಅರಿಶಿನಕ್ಕಿಂತ ಬೆಲೆ ಬಹಳ ಜಾಸ್ತಿ. ಆ ಬೆಲೆ ಕೊಡುವುದು ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಸತ್ವವಾದ ಕರ್ಕ್ಯುಮಿನ್‌ಗೆ: ಬೇರೆ ತಳಿಗಳಲ್ಲಿ ಸಾಮಾನ್ಯವಾಗಿ ಶೇ 2ರಿಂದ 4 ಇದ್ದರೆ ಇದರಲ್ಲಿ ಶೇ 7ರ ಆಸುಪಾಸು.

ಒಳ್ಳೆಯ ಪುಡಿ ನಿಂಬೆ ಹಳದಿ ಇರುವುದಿಲ್ಲ, ಕೇಸರಿಗೆ ತಿರುಗಿರುತ್ತದೆ. ಘಾಟು ಹೆಚ್ಚು, ಕಹಿಯೂ ಹೆಚ್ಚು. ಸಾರಿಗೆ ರೂಢಿಯ ಅಳತೆಯಲ್ಲೇ ಹಾಕಿದರೆ ಕಹಿ ಮುಂದೆ ಬರುತ್ತದೆ, ಅರ್ಧ ಹಾಕಿದರೆ ಸಾಕು. ಬೇಳೆಯ ಜೊತೆ ಕುಕ್ಕರಿಗೆ ಹಾಕುವುದಾದರೆ ಇದನ್ನು ಕೊಳ್ಳಲೇಬೇಡಿ. ಹತ್ತು ನಿಮಿಷ ಒತ್ತಡದಲ್ಲಿ ಬೆಂದರೆ ಕರ್ಕ್ಯುಮಿನ್ ಅರ್ಧದಷ್ಟು ಹೋಗುತ್ತದೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ತೋರಿಸಿದ್ದಾರೆ. ಹುಣಸೆಹುಳಿ ಜೊತೆಗಿದ್ದಾಗ ನಷ್ಟ ಕಡಿಮೆ ಎಂಬುದೂ ಅವರದೇ ಅಧ್ಯಯನದಲ್ಲಿದೆ. ನಮ್ಮ ಸಾರಿನ ಪಾಕ ಎಷ್ಟು ಹದವಾದದ್ದು ನೋಡಿ.

ಹಾಲಿಗೆ ಮಾತ್ರ ಇದು ನಿಜಕ್ಕೂ ಚೆನ್ನ. 150 ಮಿ.ಲೀ. ಕೆನೆಹಾಲಿಗೆ ಕಾಲು ಟೀ ಚಮಚ ಪುಡಿ, ಕುಟ್ಟಿದ ಎರಡು ಕಾಳುಮೆಣಸು. ಸಣ್ಣ ಉರಿಯಲ್ಲಿ ಮೂರು ನಿಮಿಷ. ಕರ್ಕ್ಯುಮಿನ್ ನೀರಿಗಿಂತ ಜಿಡ್ಡಿನಲ್ಲಿ ಕರಗುತ್ತದೆ. ಮೆಣಸಂತೂ ಬಿಡಬಾರದು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ಮೈಗೆ ಹತ್ತುವ ಪ್ರಮಾಣ ಶೇ 2000ರಷ್ಟು ಏರಿತ್ತು.

ಪ್ಯಾಕೆಟ್ ಮೇಲಿನ ‘ಮಂಡಿನೋವು ಮಾಯ’ ಎಂಬ ಮಾತು ನಂಬಬೇಡಿ. ಕಾಲು ಚಮಚದಲ್ಲಿ ಸಿಗುವುದು ಸುಮಾರು 50 ಮಿಲಿಗ್ರಾಂ ಕರ್ಕ್ಯುಮಿನ್. ಮಂಡಿ ಸವೆತದ ನೋವಿಗೆ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ ನೂರಾರು ಮಿಲಿಗ್ರಾಂ, ಅದೂ ಸಾಂದ್ರೀಕರಿಸಿದ ರೂಪದಲ್ಲಿ. ಅಂಥ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದೂ ಉಂಟು.

ಸಾಧ್ಯವಾದರೆ ಕೊಂಬನ್ನೇ ಕೊಳ್ಳಿ. ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಒಣಗಿಲ್ಲ, ಬೂಷ್ಟು ಹಿಡಿಯುತ್ತದೆ. ಮೇಲ್ಮೈ ಅತಿಯಾಗಿ ಹೊಳೆದು ಉಜ್ಜಿದ ಕೂಡಲೇ ಬೆರಳಿಗೆ ಗಾಢ ಹಳದಿ ಮೆತ್ತಿದರೆ ಬೇಡ. ಹೊಳಪಿಗೆಂದು ಸೀಸದ ಕ್ರೋಮೇಟ್ ಎಂಬ ವಿಷಕಾರಿ ಹಳದಿ ಬಣ್ಣ ಬಳಿಯುವವರಿದ್ದಾರೆ. ಪುಡಿಯೇ ಬೇಕೆಂದರೆ ಆ ಲಾಟ್‌ನ ಕರ್ಕ್ಯುಮಿನ್ ಮತ್ತು ಸೀಸದ ಪರೀಕ್ಷಾ ವರದಿ ಕೇಳಿ, ಕೊಡದವರ ಹತ್ತಿರ ತೆಗೆದುಕೊಳ್ಳಬೇಡಿ. ಬಿಸಿಲಿಗೆ ಬಣ್ಣವೂ ಸತ್ವವೂ ಇಳಿಯುವುದರಿಂದ ಗಾಜಿನ ಡಬ್ಬಿಯನ್ನು ಕಿಟಕಿ ಪಕ್ಕ ಇಡಬಾರದು.

ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ದಿನನಿತ್ಯದ ಅರಿಶಿನ ಹಾಲಿಗೆ ಮೊದಲು ವೈದ್ಯರನ್ನು ಕೇಳಲೇಬೇಕು.