ಎರೆಮಣ್ಣಿನ ಹೊಣೆ ಯಾರದು: ಚದರಡಿ ಲೆಕ್ಕದಲ್ಲಿ ಮನೆ ಕಟ್ಟಿಕೊಡುವ ಸಂಸ್ಥೆಯೊಂದರ ಸೇವೆ

ಹುಬ್ಬಳ್ಳಿಯ ಹೊರವಲಯದ ನಮ್ಮ 30×40 ಸೈಟಿನಲ್ಲಿ ಮನೆ ಕಟ್ಟಿಸಲು, ಚದರಡಿಗೆ ಇಂತಿಷ್ಟು ಎಂದು ದರ ಗೊತ್ತುಮಾಡಿ ಪಾಯದಿಂದ ಬಣ್ಣದವರೆಗೆ ಎಲ್ಲವನ್ನೂ ವಹಿಸಿಕೊಳ್ಳುವ ಸ್ಥಳೀಯ ಸಂಸ್ಥೆಯೊಂದಕ್ಕೆ ಕೆಲಸ ಒಪ್ಪಿಸಿದ್ದೆವು. ಗೃಹಪ್ರವೇಶವಾಗಿ 14 ತಿಂಗಳಾಯಿತು. ಕಟ್ಟಡದ ಬಗ್ಗೆ ದೂರಿಲ್ಲ. ಮೇಸ್ತ್ರಿ ಕ್ಯೂರಿಂಗ್ ಒಂದು ದಿನವೂ ತಪ್ಪಿಸಲಿಲ್ಲ, ತಾರಸಿ ಮಳೆಗಾಲದಲ್ಲಿ ಸೋರಲಿಲ್ಲ. ನಾನು ಬರೆಯಬೇಕಿರುವುದು ಅವರ ಕರಾರುಪತ್ರದ ಬಗ್ಗೆ.

ನಮ್ಮದು ಎರೆಭೂಮಿ. ನೀರು ಕುಡಿದರೆ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುವ ಈ ಮಣ್ಣಿನಲ್ಲಿ ಪಾಯವನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದನ್ನು ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ ನಿರ್ಧರಿಸಬೇಕು. ಸಂಸ್ಥೆ ಅದನ್ನು ಮಾಡಿಸದೆ ಆಳ 5 ಅಡಿ ಎಂದು ಬರೆದು, ಅದಕ್ಕಿಂತ ಹೆಚ್ಚಾದರೆ ಖರ್ಚು ಮಾಲೀಕರದು ಎಂಬ ಸಾಲನ್ನು ಹನ್ನೊಂದನೆಯ ಪುಟದಲ್ಲಿ ಸೇರಿಸಿತ್ತು. ಗಟ್ಟಿ ಗರಸು ಸಿಕ್ಕಿದ್ದು ಎಂಟೂವರೆ ಅಡಿಗೆ. ಹೆಚ್ಚುವರಿಯಾಗಿ 1,60,000 ರೂಪಾಯಿ ಕೊಟ್ಟೆವು. ಪಾಯದ ವಿನ್ಯಾಸ ಮಾಡಿದ ಎಂಜಿನಿಯರು ಸಂಸ್ಥೆಯವರೇ ಆಗಿರುವಾಗ, ನೆಲದೊಳಗಿನದನ್ನು ಮೊದಲೇ ತಿಳಿದುಕೊಳ್ಳಬಲ್ಲವರು ಅವರು. ತಿಳಿಯುವ ಸಾಧನವೇ ಇಲ್ಲದ ಮನೆಯವರ ಮೇಲೆ ಆ ನಷ್ಟವನ್ನು ಹೊರಿಸುವುದು ನ್ಯಾಯವಲ್ಲ.

ಇದಕ್ಕಿಂತ ಗಂಭೀರವಾದದ್ದು ದೋಷದ ಹೊಣೆಯ ಷರತ್ತು. ಸೋರಿಕೆಗೆ ಒಂದು ವರ್ಷದ ಹೊಣೆ ಒಪ್ಪಿಕೊಂಡು, ಮಣ್ಣಿನ ಚಲನೆಯಿಂದ ಬರುವ ಬಿರುಕನ್ನು ಪೂರ್ತಿ ಹೊರಗಿಟ್ಟಿದ್ದರು. ಕಟ್ಟಡದ ದೋಷಕ್ಕೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಐದು ವರ್ಷದ ರಕ್ಷಣೆ ನಮಗೂ ಇದೆಯೆಂದೇ ನಾನು ನಂಬಿದ್ದೆ. ಆದರೆ 2016ರ ಆ ಕಾಯ್ದೆಯ 14ನೇ ಕಲಮು ಫ್ಲ್ಯಾಟ್ ಅಥವಾ ನಿವೇಶನ ಮಾರುವ ಪ್ರವರ್ತಕರಿಗೆ ಸಂಬಂಧಿಸಿದ್ದು. ನಮ್ಮದೇ ಸೈಟಿನಲ್ಲಿ ನಮಗಾಗಿ ಕಟ್ಟುವ ಗುತ್ತಿಗೆದಾರರಿಗೆ ಅನ್ವಯಿಸುವುದಿಲ್ಲವೆಂದು ವಕೀಲರು ತಿಳಿಸಿದರು. ನಮಗಿರುವ ಆಸರೆ ಕರಾರು ಮತ್ತು 2019ರ ಗ್ರಾಹಕ ರಕ್ಷಣಾ ಕಾಯ್ದೆ; ಅದು ಮನೆ ನಿರ್ಮಾಣವನ್ನು ಸೇವೆಯೆಂದೇ ಪರಿಗಣಿಸುತ್ತದೆ, ಆದರೆ ದೂರನ್ನು ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೊಡಬೇಕು.

ಕೆಲಸ ತಡವಾದರೆ ದಿನಕ್ಕೆ 500 ರೂಪಾಯಿ ಪರಿಹಾರ ಎಂದು ಕರಾರಿನಲ್ಲಿ ಕಂಡು ಸಂತೋಷಪಟ್ಟಿದ್ದೆವು. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತವೇ ಗರಿಷ್ಠ ಮಿತಿ, ಅದಕ್ಕಿಂತ ಹೆಚ್ಚು ಸಿಗದು. ನಾವು ಆಗ ಕಟ್ಟುತ್ತಿದ್ದ ಬಾಡಿಗೆಗೇ ಅದು ಸಾಲುತ್ತಿರಲಿಲ್ಲ.

ಒಂದು ವಿಷಯದಲ್ಲಿ ಸಂಸ್ಥೆಯನ್ನು ಮನಸಾರೆ ಮೆಚ್ಚುತ್ತೇನೆ. ಕೂಲಿಕಾರರಿಗೆಲ್ಲ ವಿಮೆ ಮಾಡಿಸುವ ಹೊಣೆಯನ್ನು ಕರಾರಿನಲ್ಲೇ ತಾನು ವಹಿಸಿಕೊಂಡು, ಸೆಂಟ್ರಿಂಗ್ ಕೆಲಸದವರೊಬ್ಬರು ಬಿದ್ದು ಕಾಲು ಮುರಿದುಕೊಂಡಾಗ ಆಸ್ಪತ್ರೆಯ ಖರ್ಚನ್ನೂ ಕೆಲಸವಿಲ್ಲದ ದಿನಗಳ ಕೂಲಿಯನ್ನೂ ತಡಮಾಡದೆ ಕೊಡಿಸಿತು. ಆ ಕುಟುಂಬ ಯಾರ ಬಾಗಿಲಿಗೂ ಅಲೆಯಬೇಕಾಗಲಿಲ್ಲ.

ಕೊನೆಯ ಕಂತು ಕೊಡುವ ಮುನ್ನ, ಪಾಯ, ಕಾಲಂ ಮತ್ತು ತಾರಸಿಯ ದೋಷಕ್ಕೆ ಕಾರಣ ಮಣ್ಣೇ ಆದರೂ ಐದು ವರ್ಷ ತಾವೇ ಹೊಣೆ ಎಂಬ ಪೂರಕ ಪತ್ರ ಕೇಳಿದೆವು. ಎರಡು ವಾರ ಚರ್ಚಿಸಿ ಸಹಿ ಹಾಕಿಕೊಟ್ಟರು. ಈಗ ಮೆಟ್ಟಿಲ ಬದಿಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕೊಂದು ಕಂಡಿದೆ. ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ತಾರೀಕು ಬರೆದು, ಫೋಟೊ ಸಹಿತ ಅವರಿಗೆ ಪತ್ರ ಕಳಿಸಿದ್ದೇವೆ. ಬರುವ ಸೋಮವಾರ ಅವರ ಎಂಜಿನಿಯರು ನೋಡಲು ಬರುತ್ತಾರೆ.