ಇಂಗ್ಲೆಂಡಿನ ಹಳೇ ಪಬ್‌ಗೆ ಸಸ್ಯಾಹಾರಿ ಅಪ್ಪ ಅಮ್ಮನ್ನ ಊಟಕ್ಕೆ ಕರ್ಕೊಂಡ್ ಹೋಗೋರು ದಯವಿಟ್ಟು ಓದಿ

ನಾವಿರೋದು ರೆಡಿಂಗ್‌ನಲ್ಲಿ. ಅಪ್ಪ ಅಮ್ಮ ಹಾಸನದಿಂದ ಬಂದು ಒಂದು ತಿಂಗಳಾಯ್ತು. ಹೋದ ಭಾನುವಾರ ಕಾಟ್ಸ್‌ವೋಲ್ಡ್ಸ್ ಅನ್ನೋ ಹಳ್ಳಿಗಾಡು ತೋರಿಸೋಣ ಅಂತ ಹೊರಟು, ಬೈಬರಿಯಲ್ಲಿ ಆರ್ಲಿಂಗ್ಟನ್ ರೋ ಕಲ್ಲಿನ ಮನೆ ಸಾಲು ನೋಡ್ಕೊಂಡು, ಅಲ್ಲಿಂದ ಸ್ವಲ್ಪ ದೂರದ ಹಳ್ಳೀಲಿ ಒಂದು ಹಳೇ ಪಬ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ಟೇಬಲ್ ಬುಕ್ ಮಾಡಿದ್ದೆ. ಅದರ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದು ಆ ಒಂದು ಪಬ್‌ನ ಕಥೆ ಅಲ್ಲ, ನಮ್ಮೋರು ಯಾರ್ ಬೇಕಾದ್ರೂ ಎಲ್ ಬೇಕಾದ್ರೂ ಸಿಕ್ಕಿಹಾಕ್ಕೋಬಹುದು.

ಜಾಗ ಮಾತ್ರ ತುಂಬಾ ಚೆನ್ನಾಗಿತ್ತು. ಹಿಂದೆ ಸಾರೋಟು ನಿಲ್ಲಿಸಿ ಕುದುರೆ ಬದಲಾಯಿಸಿ ರಾತ್ರಿ ತಂಗ್ತಿದ್ದ ಕೋಚಿಂಗ್ ಇನ್, ನಮ್ಮ ಕಡೆ ಛತ್ರ ಇದ್ದ ಹಾಗೆ. ಮರದ ತೊಲೆ ಎಷ್ಟು ಕೆಳಗೆ ಅಂದ್ರೆ ಅಪ್ಪ ತಲೆ ಬಗ್ಗಿಸ್ಕೊಂಡೇ ಒಳಗೆ ಬಂದ್ರು, ದೊಡ್ಡ ಬೆಂಕಿಗೂಡಲ್ಲಿ ಸೌದೆ ಉರೀತಿತ್ತು. ಮೆನು ಪೂರ್ತಿ ಫ್ರೆಂಚ್ ಕಡೆಗೆ ವಾಲಿದ್ದು, ಬಾತುಕೋಳಿ ಕಾನ್ಫಿ, ಟೆರೀನ್, ಫ್ರೆಂಚ್ ಆನಿಯನ್ ಸೂಪ್, ಆಲೂಗಡ್ಡೆ ಗ್ರಾಟಾಂ (ತೆಳ್ಳಗೆ ಹೆಚ್ಚಿದ ಆಲೂಗಡ್ಡೆ ಓವನ್‌ನಲ್ಲಿ ಬೇಯಿಸಿದ್ದು), ಕ್ರೆಮ್ ಬ್ರೂಲೆ.

ಹೊರಗೆ ಚಳಿ ಇತ್ತಲ್ಲ, ಅಮ್ಮಂಗೆ ಏನಾದ್ರೂ ಬಿಸಿ ಬೇಕು ಅನ್ನಿಸ್ತು. ಆನಿಯನ್ ಸೂಪ್ ಮುಂದೆ ವೆಜಿಟೇರಿಯನ್ ಅಂತ ತೋರಿಸೋ ವಿ ಮಾರ್ಕ್ ಇರ್ಲಿಲ್ಲ, ಅದಕ್ಕೇ ನಾನು ಆರ್ಡರ್ ತಗೊಳ್ಳೋ ಹುಡುಗೀನ ಬಿಡಿಸಿ ಕೇಳ್ದೆ, ನಮ್ಮ ತಾಯಿ ವೆಜಿಟೇರಿಯನ್, ಇದ್ರಲ್ಲಿ ಮೀಟ್ ಇದ್ಯಾ ಅಂತ. ಅವಳು ಒಳಗೆ ಹೋಗಿ, ಯಾವ ಅಡುಗೇಲಿ ಯಾವ ಅಲರ್ಜಿ ಪದಾರ್ಥ ಇದೆ ಅಂತ ಬರೆದಿಟ್ಟಿರೋ ಅಲರ್ಜಿ ಫೈಲ್ ತಂದು ಬೆರಳಿಟ್ಟು ನೋಡಿ, ಇಲ್ಲ, ಈರುಳ್ಳಿ, ಬ್ರೆಡ್, ಚೀಸ್ ಅಷ್ಟೇ ಅಂದ್ಲು. ನಾನು ನಂಬ್ದೆ.

ಸೂಪ್ ಬಂತು. ಕಂದು ಬಣ್ಣದ ಸಣ್ಣ ಪಿಂಗಾಣಿ ಬಟ್ಟಲು, ಮೇಲೆ ಬ್ರೆಡ್, ಅದರ ಮೇಲೆ ಚೀಸ್ ಕರಗಿ ಅಂಚಲ್ಲಿ ಸೀದು ಅಂಟ್ಕೊಂಡಿತ್ತು. ಅಮ್ಮ ಚಮಚ ಎತ್ತಿದ್ರೆ ಚೀಸ್ ದಾರ ದಾರವಾಗಿ ಬರೋದು, ಮೊಮ್ಮಗಳು ನೋಡಿ ನಗ್ತಿದ್ಲು. ಈರುಳ್ಳಿನ ಇಷ್ಟು ಕೆಂಪಗೆ ಹುರಿಯೋಕೆ ಎಷ್ಟ್ ಹೊತ್ತು ಬೇಕೋ ಪಾಪ, ರುಚಿಯಾಗಿದೆ ಕಣೋ ಅಂತ ಅರ್ಧ ಬಟ್ಟಲು ಕುಡಿದ್ರು.

ಆಮೇಲೆ ಅಪ್ಪಂಗೆ ಗ್ರಾಟಾಂ ಹೇಳೋಣ ಅಂತ ಅದನ್ನ ಸ್ಟಾಕ್ (ಮೂಳೆ ಇಲ್ಲಾ ತರಕಾರಿ ಕುದಿಸಿ ಬಸಿದ ರಸ) ಹಾಕಿ ಮಾಡ್ತಾರಾ ಅಂತ ಕೇಳಿದ್ದಕ್ಕೆ ಶೆಫ್ಫೇ ಹೊರಗೆ ಬಂದ, ಗ್ರಾಟಾಂ ಬರೀ ಕ್ರೀಮು ಹಾಲು, ಸ್ಟಾಕ್ ಇರೋದು ಸೂಪ್‌ನಲ್ಲಿ, ದನದ ಮೂಳೆ ಹುರಿದು ರಾತ್ರಿಯೆಲ್ಲ ಕುದಿಸಿ ನಾವೇ ಮಾಡ್ತೀವಿ ಅಂತ ಹೆಮ್ಮೆಯಿಂದ ಹೇಳ್ದ. ನಂಗೆ ಕೈಕಾಲು ತಣ್ಣಗಾಯ್ತು. ಅಮ್ಮಂಗೆ ಇಂಗ್ಲಿಷ್ ಪೂರ್ತಿ ಬರಲ್ಲ, ಬೀಫ್ ಅನ್ನೋ ಪದ ಬರುತ್ತೆ. ಚಮಚ ನಿಧಾನಕ್ಕೆ ಕೆಳಗಿಟ್ಟು ಬಾಯಿ ಒರೆಸ್ಕೊಂಡು, ನಿಂಗೆ ಗೊತ್ತಿರ್ಲಿಲ್ಲ ಬಿಡು ಅಂದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಮ್ಯಾನೇಜರ್ ಬಂದು, ನೀವು ಮೀಟ್ ಇದ್ಯಾ ಅಂತ ಕೇಳಿದ್ರಿ, ಸೂಪ್‌ನಲ್ಲಿ ಮೀಟ್ ಇಲ್ವಲ್ಲ ಅಂದ್ರು. ವೆಜಿಟೇರಿಯನ್ ಅಂತ ಮೊದಲೇ ಹೇಳಿದ್ದೆ ಅಂದ್ರೆ, ಫೈಲ್ ಪ್ರಕಾರ ಉತ್ತರ ಸರಿ ಇದೆ ಅಂತ ವಾದ. ಸೂಪ್‌ನ 9.50 ಪೌಂಡ್ ತೆಗೆದ್ರು, 12.5% ಸರ್ವಿಸ್ ಚಾರ್ಜ್ ಹಾಗೇ ಇತ್ತು. ಅದು ಕಡ್ಡಾಯ ಅಲ್ಲ, ತೆಗೀರಿ ಅಂದ್ರೆ ತೆಗೀಲೇಬೇಕು, ನಾನು ತೆಗೆಸ್ದೆ. ಆ ಹುಡುಗಿ ಕಣ್ಣಲ್ಲಿ ನೀರಿತ್ತು, ಅವಳಿಗೆ ಬೇರೆಯಾಗಿ 10 ಪೌಂಡ್ ಕೈಗೆ ಕೊಟ್ಟು ಬಂದೆ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ತಪ್ಪೇನಿದ್ರೂ ಹೇಳಿಕೊಡದೇ ಇರೋರದ್ದು.

ಈಗ ಮುಖ್ಯ ವಿಷಯ. ಇಲ್ಲಿನ ಕಾನೂನಲ್ಲಿ ಹೇಳಲೇಬೇಕಾದ ಅಲರ್ಜಿ ಪದಾರ್ಥ 14: ಹಾಲು, ಮೊಟ್ಟೆ, ಮೀನು, ಕಡ್ಲೆಕಾಯಿ, ಎಳ್ಳು, ಸಾಸಿವೆ, ಸೆಲರಿ ಹೀಗೆ. ಅದ್ರಲ್ಲಿ ದನದ ಮಾಂಸ ಇಲ್ಲ, ಹಂದಿ ಇಲ್ಲ, ಕೋಳಿ ಇಲ್ಲ. ಆ ಫೈಲ್ ಹುಡುಕಿದ್ರೆ ಮೂಳೆ ಸ್ಟಾಕ್ ಸಿಗೋದೇ ಇಲ್ಲ! ವೆಜಿಟೇರಿಯನ್ ಅನ್ನೋ ಪದಕ್ಕೂ ಇಲ್ಲಿ ಕಾನೂನಿನ ವ್ಯಾಖ್ಯಾನ ಇಲ್ಲ, ನಮ್ಮಲ್ಲಿ ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನೋಡಿ ಅಭ್ಯಾಸ ಆಗಿರೋರಿಗೆ ಇದು ಹೊಳೆಯೋದೇ ಇಲ್ಲ. ಫ್ರೆಂಚ್ ಅಡುಗೇಲಂತೂ ಸ್ಟಾಕ್‌ಗೆ ಫಾಂ ಅಂತಾರೆ, ಅಂದ್ರೆ ಬುನಾದಿ. ಸೂಪು ಸಾಸು ಗ್ರೇವಿ ಎಲ್ಲ ಅದರ ಮೇಲೇ ನಿಂತಿರೋದು. ತುಂಡು ಕಾಣಲ್ಲ, ಅದಕ್ಕೇ ಅವರ ಲೆಕ್ಕದಲ್ಲಿ ಅದು ಮೀಟ್ ಅಲ್ಲ.

ಆ ಸೂಪ್ ಮೇಲಿನ ಚೀಸ್ ಕೂಡ ಹಾಗೇ. ಅದಕ್ಕೆ ಸಾಮಾನ್ಯವಾಗಿ ಹಾಕೋ ಗ್ರುಯೇರ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಗಟ್ಟಿಯಾಗಿಸೋ ಪದಾರ್ಥ) ಹಾಕ್ತಾರೆ, ಪಾರ್ಮೆಸಾನ್‌ಗೂ ಅದೇ. ಹಳೇ ಪಬ್‌ಗಳಲ್ಲಿ ಚಿಪ್ಸ್ ದನದ ಕೊಬ್ಬಲ್ಲಿ ಕರಿಯೋದಿದೆ, ಆಲೂಗಡ್ಡೆನ ಬಾತುಕೋಳಿ ಕೊಬ್ಬಲ್ಲಿ ಹುರಿಯೋದಿದೆ, ವೂಸ್ಟರ್ ಸಾಸ್‌ನಲ್ಲಿ ಮೀನಿರುತ್ತೆ, ಮೂಸ್ ಅನ್ನೋ ಸಿಹಿಗೆ ಪ್ರಾಣಿ ಚರ್ಮ ಮೂಳೆಯಿಂದ ತೆಗೆದ ಜೆಲಟಿನ್ ಹಾಕಿರಬಹುದು. ಅದಕ್ಕೆ ಮೀಟ್ ಇದ್ಯಾ ಅಂತ ಕೇಳ್ಬೇಡಿ. ಸ್ಟಾಕ್ ಯಾವುದ್ರದ್ದು, ಯಾವ ಕೊಬ್ಬಲ್ಲಿ ಕರೀತೀರ, ಚೀಸ್‌ನಲ್ಲಿ ಅನಿಮಲ್ ರೆನೆಟ್ ಇದ್ಯಾ, ಜೆಲಟಿನ್ ಇದ್ಯಾ ಅಂತ ಒಂದೊಂದೇ ಕೇಳಿ, ಉತ್ತರ ಅಡುಗೆಮನೆಯಿಂದಾನೇ ಬರ್ಲಿ. ಬುಕ್ ಮಾಡೋ ಮುಂಚೆ ಫೋನ್ ಮಾಡೋದಾದ್ರೆ ಮಧ್ಯಾಹ್ನದ ಊಟ ಮುಗಿದ ಮೇಲೆ, 3ರಿಂದ 5ರೊಳಗೆ ಮಾಡಿ, ಆಗ ಶೆಫ್ ಕೈಗೆ ಸಿಗ್ತಾರೆ.

ಅಮ್ಮ ಮಾರನೇ ದಿನ ಬೆಳಿಗ್ಗೆ ಬೇಗ ತಲೆಗೆ ಸ್ನಾನ ಮಾಡಿ, ರಾತ್ರಿವರೆಗೂ ನೀರು ಬಿಟ್ಟು ಏನೂ ಮುಟ್ಲಿಲ್ಲ. ಬರೋ ಶನಿವಾರ ಬಾತ್ ಅನ್ನೋ ಊರಿಗೆ ಹೋಗ್ಬೇಕು, ಪುಳಿಯೋಗರೆ ಗೊಜ್ಜು ಈಗ್ಲೇ ಮಾಡಿ ಡಬ್ಬಿಗೆ ಹಾಕಿಟ್ಟಿದಾರೆ.