ಕಡಿಮೆ ದುಡ್ಡಿನಲ್ಲಿ ನಾಣ್ಯ ಸಂಗ್ರಹ: ಚಿಲ್ಲರೆ, ತೂಕದ ಗಂಟು, ಆನ್‌ಲೈನ್, ಪ್ರದರ್ಶನ

ನಾಣ್ಯ ಸಂಗ್ರಹ ಉಳ್ಳವರ ಹವ್ಯಾಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಿಂಗಳಿಗೆ ಐನೂರು ರೂಪಾಯಿ ಮೀರಬಾರದೆಂದು ಕಟ್ಟು ಹಾಕಿಕೊಂಡೇ ಇದಕ್ಕೆ ಇಳಿದವನು ನಾನು. ಆ ದುಡ್ಡಿಗೆ ತೆರೆದಿರುವ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದ್ದೇನೆ. ಹೊಸಬರು ಚಿಲ್ಲರೆಯಿಂದ ಆರಂಭಿಸಬೇಕು, ಕಣ್ಣು ಪಳಗಿದ ಮೇಲೆ ನಾಣ್ಯ ಪ್ರದರ್ಶನಗಳಲ್ಲಿ ಮಾರುವವರ ಮೇಜಿನ ಮುಂದೆ ಕೂರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಚಿಲ್ಲರೆಯ ದೊಡ್ಡ ಗುಣವೆಂದರೆ ನಷ್ಟವೇ ಇಲ್ಲದಿರುವುದು. ಬ್ಯಾಂಕಿನಲ್ಲಿ ಎರಡು ರೂಪಾಯಿಯ ನೂರು ನಾಣ್ಯಗಳ ಕಟ್ಟು ಕೇಳಿ ತರುತ್ತೇನೆ. ರಾತ್ರಿ ಊಟವಾದ ಮೇಲೆ ಹಾಸಿಟ್ಟು ಬೇಕಾದ್ದನ್ನು ಆರಿಸಿಕೊಳ್ಳುತ್ತೇನೆ. ಉಳಿದದ್ದು ತರಕಾರಿಗೋ ಹಾಲಿಗೋ ಹೋಗುತ್ತದೆ. ಇನ್ನೂರು ರೂಪಾಯಿ ಮತ್ತೆ ಮತ್ತೆ ದುಡಿಯುತ್ತದೆ. ನೋಡಬೇಕಾದ್ದು ವರ್ಷದ ಕೆಳಗಿನ ಪುಟ್ಟ ಗುರುತನ್ನು. ನಾಣ್ಯ ಯಾವ ಟಂಕಸಾಲೆಯಲ್ಲಿ ಅಚ್ಚಾಯಿತೆಂದು ಅದು ಹೇಳುತ್ತದೆ. ವಜ್ರದಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ಒಂದೇ ನಾಣ್ಯವನ್ನು ಸಾಧ್ಯವಾದಷ್ಟು ಟಂಕಸಾಲೆಗಳಿಂದ ಜೋಡಿಸಬೇಕೆಂದು ಹಟ ಹಿಡಿದು ನೋಡಿ, ಅದೆಷ್ಟು ಕಾಡುತ್ತದೆಂದು ಆಗ ತಿಳಿಯುತ್ತದೆ. ಬೇಡಿಕೆ ಹೆಚ್ಚಿದಾಗ ಭಾರತ ಹೊರದೇಶಗಳಲ್ಲೂ ನಾಣ್ಯ ಮಾಡಿಸಿದ್ದುಂಟು. ವರ್ಷದ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರವಿರುವ 1985ರ ಒಂದು ರೂಪಾಯಿ ಬರ್ಮಿಂಗ್‌ಹ್ಯಾಮಿನದು. 1999ರ ಐದು ರೂಪಾಯಿಗಳಲ್ಲಿ ಮಾಸ್ಕೋದಲ್ಲಿ ತಯಾರಾದವೂ ಇವೆ.

ಚಿಲ್ಲರೆಯಲ್ಲಿ ವಿಷಯ ಹಿಡಿದು ಹುಡುಕುವುದು ಇನ್ನೂ ಚೆನ್ನ. 2007ರಿಂದ ಬಂದ ಹಸ್ತಮುದ್ರೆಯ ಸರಣಿಯಲ್ಲಿ ಒಂದು ರೂಪಾಯಿಗೆ ಎತ್ತಿದ ಹೆಬ್ಬೆರಳು, ಎರಡು ರೂಪಾಯಿಗೆ ಎರಡು ಬೆರಳು, ಐವತ್ತು ಪೈಸೆಗೆ ಮುಷ್ಟಿ. ಓದು ಬಾರದವರೂ ಗುರುತಿಸಬಹುದಾದ ಇಂಥ ಅಂದದ ಸರಣಿ ನಮ್ಮಲ್ಲಿ ಮತ್ತೆ ಬರಲಿಲ್ಲ ಎಂಬ ಕೊರಗು ನನಗಿದೆ. ಸ್ಮಾರಕ ನಾಣ್ಯಗಳೂ ಚಿಲ್ಲರೆಯಲ್ಲಿ ಸಿಗುತ್ತವೆ. 2006ರ ಬಸವೇಶ್ವರರ ಐದು ರೂಪಾಯಿ ನನಗೆ ಸಿಕ್ಕಿದ್ದು ಬಸ್ ಕಂಡಕ್ಟರರ ಕೈಯಿಂದ. ಈ ದಾರಿಯ ಮಿತಿಯೂ ಸ್ಪಷ್ಟವಾಗಿದೆ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಐವತ್ತು ಪೈಸೆ ಇಂದಿಗೂ ಕಾನೂನು ಪ್ರಕಾರ ನಡೆಯುತ್ತದಾದರೂ ಯಾವ ಅಂಗಡಿಯವರೂ ಕೊಡುವುದಿಲ್ಲ.

ಆ ಹಳೆಯ ಪೈಸೆಗಳಿಗಾಗಿ ಜನ ಹಿಡಿಯುವುದು ಎರಡನೆಯ ದಾರಿ, ಸಂತೆಯಲ್ಲೂ ಗುಜರಿಯಲ್ಲೂ ತೂಕಕ್ಕೆ ಮಾರುವ ಗಂಟು. ಚೌಕದ ಒಂದು ಪೈಸೆ, 1964ರಲ್ಲಿ ಬಂದ ಆರು ಮೂಲೆಯ ಮೂರು ಪೈಸೆ, ಅಂಚು ಅಲೆಯಲೆಯಾಗಿರುವ ಹತ್ತು ಪೈಸೆ, ಎಲ್ಲ ಅಲ್ಯೂಮಿನಿಯಮ್ಮಿನವು ಒಂದೇ ಏಟಿಗೆ ಕೈಸೇರುತ್ತವೆ. ಮಕ್ಕಳ ಜೊತೆ ಕೂತು ವಿಂಗಡಿಸುವ ಖುಷಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾನು ನೋಡಿದ ಗಂಟುಗಳಲ್ಲಿ ಮುಕ್ಕಾಲು ಪಾಲು ಒಂದೇ ನಾಣ್ಯದ ಪುನರಾವರ್ತನೆ. ಸ್ವಲ್ಪ ಬೆಲೆ ಬಾಳುವುದನ್ನು ಮಾರುವವರೇ ಮೊದಲು ಹೆಕ್ಕಿಕೊಂಡಿರುತ್ತಾರೆ. ಹಿತ್ತಾಳೆ ಬಣ್ಣದ, ಕಮಲವಿರುವ ಇಪ್ಪತ್ತು ಪೈಸೆಯಂತೂ ಗಂಟಿನಲ್ಲಿ ಕಾಣಿಸಲೇ ಇಲ್ಲ. ಲಕ್ಷ್ಮೀಪೂಜೆಗೆಂದು ಅದನ್ನು ಎತ್ತಿಟ್ಟುಕೊಂಡವರು ನಮ್ಮ ಕಡೆ ಬಹಳ. ಬೇಕಾದ ಮೂರು ಪೈಸೆಯನ್ನು ಪ್ರದರ್ಶನದಲ್ಲಿ ಬಿಡಿಯಾಗಿ ಕೊಂಡರೆ ಹತ್ತಿಪ್ಪತ್ತು ರೂಪಾಯಿಗೆ ಅಕ್ಷರ ಮಾಸದ ನಾಣ್ಯ ಸಿಗುತ್ತದೆ. ಲೆಕ್ಕ ಹಾಕಿದರೆ ಗಂಟೇ ದುಬಾರಿ.

ಆನ್‌ಲೈನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಾಲಿನಲ್ಲಿ ಕೊರತೆ ಬಿದ್ದ ಒಂದು ವರ್ಷವನ್ನು ತುಂಬಿಕೊಳ್ಳಲು ಅದು ಅನುಕೂಲ, ಆರಂಭಕ್ಕೆ ಅಪಾಯ. ಚಿತ್ರದಲ್ಲಿ ಅಂಚು ಕಾಣುವುದಿಲ್ಲ, ತೂಕ ತಿಳಿಯುವುದಿಲ್ಲ, ಐವತ್ತು ರೂಪಾಯಿಯ ನಾಣ್ಯಕ್ಕೆ ಅಂಚೆಯ ಖರ್ಚೇ ಅಷ್ಟಾಗುತ್ತದೆ. ರಾಮ ಪಟ್ಟಾಭಿಷೇಕದ ಚಿತ್ರವಿರುವ, 1818 ಎಂದು ಬರೆದ ‘ಈಸ್ಟ್ ಇಂಡಿಯಾ ಕಂಪನಿಯ ಆಣೆ’ಗಳು ಅಲ್ಲಿ ರಾಶಿ ಬಿದ್ದಿವೆ. ಅಂಥ ಆಣೆಯನ್ನು ಕಂಪನಿ ಟಂಕಿಸಲೇ ಇಲ್ಲ. ಕಂಪನಿಯ ನಿಜವಾದ 1835ರ ಕಾಲಾಣೆ ತಾಮ್ರದ್ದು, ಸುಮಾರು ಆರೂವರೆ ಗ್ರಾಂ ತೂಗುತ್ತದೆ, ಸವೆದದ್ದು ಕಡಿಮೆ ಬೆಲೆಗೇ ದೊರೆಯುತ್ತದೆ. ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ. ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಪ್ರದರ್ಶನದ ಮಳಿಗೆಗಳಿಗೆ ಬಂದರೆ ಮಾತೇ ಬೇರೆ. ಬೆಂಗಳೂರಿನಲ್ಲಿ ನಾಣ್ಯ ಸಂಘಗಳು ಏರ್ಪಡಿಸುವ ಪ್ರದರ್ಶನಗಳಲ್ಲಿ ಬೆಳ್ಳಿ, ಚಿನ್ನದ ಕಡೆ ತಲೆ ಹಾಕದೆ ತಾಮ್ರದ ತಟ್ಟೆಯ ಮುಂದೆ ಕುಳಿತುಕೊಳ್ಳಿ. ಐನೂರು ರೂಪಾಯಿಗೆ ಮೈಸೂರು ಸಂಸ್ಥಾನ ನಿಮ್ಮ ಅಂಗೈಗೆ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸೊಂದನ್ನು ನಾನು ಕೊಂಡದ್ದು ಅದರೊಳಗೇ. ಒಂದು ಮುಖದಲ್ಲಿ ಆನೆ, ಅದರ ಮೇಲೆ ಸೂರ್ಯ, ಚಂದ್ರ, ನಡುವೆ ಶ್ರೀ. ಇನ್ನೊಂದು ಮುಖದಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’, ಜೊತೆಗೆ ಇಂಗ್ಲಿಷಿನಲ್ಲೂ ಬೆಲೆ. ಅಚ್ಚು ಒಂದಿಷ್ಟು ಸರಿದು ಬಿದ್ದಿದ್ದರಿಂದ ಆನೆಯ ಬಾಲ ನಾಣ್ಯದ ಹೊರಗೆ ಉಳಿದಿದೆ, ಸೊಂಡಿಲು ಮಾತ್ರ ಬೆರಳಿಗೆ ತಾಕುವಷ್ಟು ಎದ್ದು ನಿಂತಿದೆ. ಕನ್ನಡ ಅಕ್ಷರವಿರುವ, ಇನ್ನೂರು ವರ್ಷದ ಹತ್ತಿರದ ವಸ್ತುವೊಂದು ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡಿಗೆ ನನ್ನದಾಯಿತು ಎಂಬುದು ಈಗಲೂ ರೋಮಾಂಚನ ತರುತ್ತದೆ. ಸವೆದ ಟಿಪ್ಪುವಿನ ಆನೆ ಪೈಸೆಯೂ ಇದೇ ಆಸುಪಾಸಿನ ಬೆಲೆಗೆ ಸಿಗುತ್ತದೆ. ಅವನು ಮೌಲೂದಿ ಶಕೆ ಎಂಬ ತನ್ನದೇ ವರ್ಷಗಣನೆ ಜಾರಿಗೆ ತಂದ ಮೇಲಿನ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ನನಗೆ ತೋರಿಸಿಕೊಟ್ಟವರು ಮಳಿಗೆಯ ಹಿರಿಯರೊಬ್ಬರು. ನಾಣ್ಯ ಕೊಳ್ಳದಿದ್ದರೂ ಇಂಥ ಪಾಠ ಸಿಗುವ ಜಾಗ ಇದೊಂದೇ. ಚೌಕಾಸಿಗೂ ಎಡೆಯಿದೆ, ಸಂಜೆ ಮಳಿಗೆ ಮುಚ್ಚುವ ಹೊತ್ತಿಗಂತೂ ಖಂಡಿತ.

ಸರ್ಕಾರಿ ಟಂಕಸಾಲೆ ಮಾರುವ ಪ್ರೂಫ್ ಸೆಟ್ಟುಗಳು, ಅಂದರೆ ಚಲಾವಣೆಗಲ್ಲದೆ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದವು, ಕನ್ನಡಿಯಂತೆ ಹೊಳೆಯುತ್ತವೆ. ಉಡುಗೊರೆಗೆ ಒಳ್ಳೆಯದು. ಬೆಳ್ಳಿಯ ಒಂದು ನಾಣ್ಯಕ್ಕೇ ಸಾವಿರಗಟ್ಟಲೆ ಕೊಡಬೇಕಾದ್ದರಿಂದ ನನ್ನಂಥವರ ಲೆಕ್ಕಕ್ಕೆ ಅದು ಬರುವುದಿಲ್ಲ, ಹುಡುಕುವ ಕೆಲಸವೂ ಅದರಲ್ಲಿಲ್ಲ.

ಯಾವ ದಾರಿ ಹಿಡಿದರೂ ಐನೂರರಲ್ಲಿ ಒಂದು ಪಾಲನ್ನು ಜೋಪಾನಕ್ಕೆ ಎತ್ತಿಡಿ. ಮೆದು ಪಿವಿಸಿ ಹಾಳೆಯ ಅಗ್ಗದ ಆಲ್ಬಮ್ಮಿನಲ್ಲಿ ತಾಮ್ರಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಕಿಟಕಿಯಂತೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿದ ರಟ್ಟಿನ ಚೌಕಗಳೇ ಸಾಕು. ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ಉಜ್ಜುವುದಂತೂ ಬೇಡವೇ ಬೇಡ. ದೇವರ ತಂಬಿಗೆಗೆ ಸಲ್ಲುವ ಆ ಹೊಳಪು ನಾಣ್ಯದ ಮೇಲಿನ ಕಾಲದ ಪದರವನ್ನೇ ಕಿತ್ತುಹಾಕುತ್ತದೆ, ಬೆಲೆಯೂ ಅರ್ಧಕ್ಕಿಳಿಯುತ್ತದೆ.

ಹೊಲ ಉಳುವಾಗ ಸಿಕ್ಕಿದ್ದು, ಅಗ್ಗಕ್ಕೆ ಕೊಡುತ್ತೇನೆ ಎಂದು ಬರುವವರು ಹಳ್ಳಿಗಳ ಕಡೆ ಈಗಲೂ ಇದ್ದಾರೆ. ಎಷ್ಟೇ ಅಗ್ಗವಾದರೂ ಅದನ್ನು ಮುಟ್ಟಬೇಡಿ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿ ಸಿಕ್ಕ, ಹತ್ತು ರೂಪಾಯಿ ಮೀರಿದ ಬೆಲೆಯ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕಾಯ್ದೆ ಹಾಗಿರಲಿ, ಒಂದೇ ಗಡಿಗೆಯಲ್ಲಿ ಯಾವ ನಾಣ್ಯದ ಜೊತೆ ಯಾವುದಿತ್ತು ಎಂಬುದರಿಂದಲೇ ಇತಿಹಾಸಕಾರರು ಕಾಲ ನಿರ್ಣಯಿಸುವುದು. ಗಡಿಗೆ ಒಡೆದು ಹತ್ತು ಜನ ಹಂಚಿಕೊಂಡರೆ ಆ ಊರಿನ ಚರಿತ್ರೆಯ ಒಂದು ಪುಟ ಯಾರಿಗೂ ಸಿಗುವುದಿಲ್ಲ. ಅಂಥವರು ಬಂದಾಗ ನಾನು ಪುರಾತತ್ವ ಇಲಾಖೆಯ ಕಚೇರಿ ಎಲ್ಲಿದೆಯೆಂದು ಹೇಳಿ ಕಳಿಸುತ್ತೇನೆ.